ಪೆರಾಬೆಯ ಹಟ್ಟಿಗೆ ಡೆನ್ಮಾರ್ಕಿನಿಂದ ಬಂದ ಕಡ್ಡಿ



ಕಳೆದ ತಿಂಗಳು ಪೆರಾಬೆಯ ಒಬ್ಬ ಸದಸ್ಯೆಯ ಮನೆಗೆ ಹೋಗಿದ್ದೆ. ಮೂರು ಸಲ ಇಂಜೆಕ್ಷನ್ ಕೊಡಿಸಿದರೂ ಅವರ ಜೆರ್ಸಿ ಮಿಶ್ರತಳಿ ದನ ಗಬ್ಬ ನಿಂತಿರಲಿಲ್ಲ. ರಬ್ಬರ್ ತೋಟ ದಾಟಿ ಕೆಳಗಿಳಿದರೆ ಅಡಿಕೆ ತೋಟದ ಬದಿಗೆ ಅವರ ಹಟ್ಟಿ. ಎರಡೇ ದನ, ಒಂದು ಕರು. ಹಟ್ಟಿ ಚೊಕ್ಕ, ದನದ ಮೈಯೂ ಚೆನ್ನಾಗಿಯೇ ಇತ್ತು. ಅಂದು ಬೆಳಗ್ಗೆ ದನ ಬೆದೆಗೆ ಬಂದಿದೆ ಎಂದು ಫೋನ್ ಮಾಡಿದ್ದರು. ನಾನು ಕೈಗವಸು ಹಾಕಿಕೊಳ್ಳುತ್ತಿದ್ದಾಗ ಅವರು ಬಾಲ ಹಿಡಿದುಕೊಂಡೇ ಕೇಳಿದರು: "ಡಾಕ್ಟ್ರೇ, ಹೊರದೇಶದ ಹಾಲು ಬರ್ತದಂತೆ ಅಂತ ಟಿ.ವಿ.ಯಲ್ಲಿ ಹೇಳ್ತಾರೆ. ಅವರಿಗೂ ನಮಗೂ ಎಂತ ಸಂಬಂಧ? ಅವರ ದನ ಅವರು ಸಾಕಲಿ, ನಮ್ಮದು ನಾವು ಸಾಕುವ."

ಆಗ ನನ್ನ ಕೈಯಲ್ಲಿ ಸ್ಟ್ರಾ ಇತ್ತು. "ಅಕ್ಕಾ, ಈ ಕಡ್ಡಿ ಇದೆಯಲ್ಲ, ಇದನ್ನು ಕಂಡುಹಿಡಿದವರೇ ಹೊರದೇಶದವರು" ಎಂದೆ. ಅವರು ನಕ್ಕರು. ದನ ಕಾಯುತ್ತಿತ್ತು, ಮಾತು ಅಲ್ಲಿಗೇ ನಿಂತಿತು. ಅಂದು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಕರಾವಳಿಯ ಒಂದು ಹಟ್ಟಿಗೂ ಉತ್ತರ ಯುರೋಪಿನ ಡೆನ್ಮಾರ್ಕಿಗೂ ಇರುವ ನಂಟಿನ ಸಂಗತಿ ಇದು. ಹೊರದೇಶದ ಹಾಲಿನ ಬಗ್ಗೆ ಆ ಅಕ್ಕನಿಗಿದ್ದ ಹೆದರಿಕೆಗೂ ಇದರಲ್ಲಿ ಉತ್ತರವಿದೆ. ಆದರೆ ಅದು ಒಂದೇ ಮಾತಿನಲ್ಲಿ ಮುಗಿಯುವ ಉತ್ತರವಲ್ಲ.

ಬೈಹುಲ್ಲಿನ ಕಡ್ಡಿಯಿಂದ ಶುರು

ಡೆನ್ಮಾರ್ಕ್ ದೊಡ್ಡ ದೇಶವಲ್ಲ. ವಿಸ್ತೀರ್ಣ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತಲೂ ಕಡಿಮೆ, ಜನಸಂಖ್ಯೆ ಸುಮಾರು 60 ಲಕ್ಷ. ಅಲ್ಲಿ ಸಾಮ್ಸೋ ಎಂಬ ಒಂದು ದ್ವೀಪ ಇದೆ. 1936ರಲ್ಲಿ ಆ ದ್ವೀಪದ ರೈತರು ಸೇರಿ ಕೃತಕ ಗರ್ಭಧಾರಣೆಗಾಗಿಯೇ ಒಂದು ಸಹಕಾರಿ ಸಂಘ ಕಟ್ಟಿದರು. ಜಗತ್ತಿನಲ್ಲಿ ಅಂತಹ ಸಂಘ ಅದೇ ಮೊದಲು. ಮೊದಲ ವರ್ಷವೇ ಸಾವಿರಕ್ಕೂ ಹೆಚ್ಚು ದನಗಳಿಗೆ ಮಾಡಿದರು, ನೂರಕ್ಕೆ 59 ಗಬ್ಬ ನಿಂತವು. ಅದರ ಹಿಂದಿದ್ದವರು ಎಡ್ವರ್ಡ್ ಸೋರೆನ್ಸೆನ್ ಎಂಬ ತಜ್ಞರು.

ನಮ್ಮ ಕಾರ್ಯಕರ್ತರು ಎಡಗೈಯನ್ನು ಗುದದ್ವಾರದೊಳಗೆ ಹಾಕಿ, ಗರ್ಭಕಂಠವನ್ನು ಹಿಡಿದು, ಬಲಗೈಯಿಂದ ಗನ್ ತೂರಿಸುವುದನ್ನು ನೀವೆಲ್ಲ ನೋಡಿದ್ದೀರಿ. ಆ ಕ್ರಮವನ್ನು ರೂಢಿಗೆ ತಂದವರು ಡೆನ್ಮಾರ್ಕಿನ ಪಶುವೈದ್ಯರು. ಅದಕ್ಕೂ ಮೊದಲು ಯೋನಿಯನ್ನು ಉಪಕರಣದಿಂದ ಅಗಲಿಸಿ, ಬೆಳಕು ಹಿಡಿದು, ವೀರ್ಯವನ್ನು ಹೊರಬದಿಯಲ್ಲೇ ಬಿಡುತ್ತಿದ್ದರು. ಅದಕ್ಕೆ ವೀರ್ಯ ಹೆಚ್ಚು ಬೇಕಾಗುತ್ತಿತ್ತು, ಗಬ್ಬ ನಿಲ್ಲುವುದು ಕಡಿಮೆ. ಕಂಠವನ್ನು ಕೈಯಲ್ಲಿ ಹಿಡಿದು ಒಳಗೆ ಬಿಡಲು ಬಂದ ಮೇಲೆ ಒಂದು ಹೋರಿಯ ವೀರ್ಯವನ್ನು ಎಷ್ಟೋ ಪಟ್ಟು ಹೆಚ್ಚು ದನಗಳಿಗೆ ಹಂಚುವುದು ಸಾಧ್ಯವಾಯಿತು.

ಇನ್ನು ಕಡ್ಡಿಯ ಕಥೆ. ನಾವು 'ಸ್ಟ್ರಾ' ಎನ್ನುತ್ತೇವಲ್ಲ, ಇಂಗ್ಲಿಷಿನಲ್ಲಿ ಆ ಪದಕ್ಕೆ ಬೈಹುಲ್ಲು ಎಂದೇ ಅರ್ಥ. ಸೋರೆನ್ಸೆನ್ 1940ರ ಸುಮಾರಿಗೆ ವೀರ್ಯ ತುಂಬಿಸಲು ಮೊದಲು ಬಳಸಿದ್ದು ನಿಜವಾದ ಹುಲ್ಲುಕಡ್ಡಿಯನ್ನು, ಓಟ್ಸ್ ಬೆಳೆಯ ಟೊಳ್ಳು ಕಡ್ಡಿಯನ್ನು. ಆಮೇಲೆ ಮಗಳ ಹುಟ್ಟುಹಬ್ಬದ ದಿನ ಮಕ್ಕಳು ತೆಳುಹಾಳೆಯ ಕೊಳವೆಯಲ್ಲಿ ಶರಬತ್ತು ಹೀರುವುದನ್ನು ಕಂಡು, ಹುಲ್ಲಿಗಿಂತ ಇದೇ ಒಳ್ಳೆಯದು ಎಂದು ಅವರಿಗೆ ಹೊಳೆಯಿತಂತೆ. ನಮ್ಮ ಶಾಸ್ತ್ರದ ಚರಿತ್ರೆ ಬರೆದವರು ಈ ಸಂಗತಿಯನ್ನು ಬಿಡದೆ ದಾಖಲಿಸಿದ್ದಾರೆ. ವೀರ್ಯವನ್ನು ಕೆಡದಂತೆ ಹೆಪ್ಪುಗಟ್ಟಿಸುವ ದಾರಿ 1949ರಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕಿತು. ಕಡ್ಡಿಯನ್ನು ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತುಂಬಿಸುವ ಯಂತ್ರವನ್ನು ಫ್ರಾನ್ಸಿನವರು ಮಾಡಿದರು. ಹೀಗೆ ನಾಲ್ಕು ಊರಿನ ಕೈ ಸೇರಿ ಈಗಿನ ಕಡ್ಡಿ ಆಗಿದೆ.

ನಾವೇನೂ ಹಿಂದೆ ಬಿದ್ದವರಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಭಾರತದಲ್ಲಿ ಮೊದಲ ಕೃತಕ ಗರ್ಭಧಾರಣೆ ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆಯ ಡೈರಿ ಫಾರ್ಮಿನಲ್ಲಿ. ಮಾಡಿದವರು ಡಾ. ಸಂಪತ್ ಕುಮಾರನ್. ಹಳ್ಳಿಕಾರ್ ದನಗಳಿಗೆ ಎಚ್.ಎಫ್. ಹೋರಿಯ ವೀರ್ಯ ಕೊಟ್ಟಿದ್ದರು. ಸಾಮ್ಸೋ ಸಂಘ ಶುರುವಾಗಿ ಮೂರೇ ವರ್ಷ ಆಗಿತ್ತು. ಆದರೆ ಅರಮನೆಯ ಹಟ್ಟಿಯಲ್ಲಿ ಒಮ್ಮೆ ಮಾಡಿ ತೋರಿಸುವುದು ಬೇರೆ, ಗುಡ್ಡದ ಆಚೆಗಿನ ಎರಡು ದನದ ಹಟ್ಟಿಗೂ ಅದು ತಲುಪುವಂತೆ ಮಾಡುವುದು ಬೇರೆ. ಎರಡನೆಯದಕ್ಕೆ ಹೋರಿ ಕೇಂದ್ರ, ದ್ರವ ಸಾರಜನಕ, ತರಬೇತಾದ ಕೈಗಳು, ಹಣ ಎಲ್ಲ ಬೇಕಿತ್ತು.

ಹೆಸರಘಟ್ಟ

ಭಾರತ ಮತ್ತು ಡೆನ್ಮಾರ್ಕ್ ನಡುವೆ ರಾಯಭಾರ ಸಂಬಂಧ ಶುರುವಾದದ್ದು 1949ರಲ್ಲಿ. ಅದಕ್ಕೂ ಹಿಂದೆ ಡೆನ್ಮಾರ್ಕಿನವರು ವ್ಯಾಪಾರಕ್ಕೆಂದು ಬಂದು 1620ರಿಂದ 1845ರವರೆಗೆ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೋಟೆ ಕಟ್ಟಿಕೊಂಡು ಕೂತಿದ್ದರು. ಕೊನೆಗೆ ಅದನ್ನು ಬ್ರಿಟಿಷರಿಗೆ ಮಾರಿ ಹೋದರು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅದಲ್ಲ, ಹೆಸರಘಟ್ಟ.

ಬೆಂಗಳೂರಿನ ಹೊರಗೆ ಕೆರೆ, ಹುಲ್ಲುಗಾವಲು ಇರುವ ಊರು ಹೆಸರಘಟ್ಟ. 1960ರ ದಶಕದ ಕೊನೆಗೆ ಡೆನ್ಮಾರ್ಕ್ ಸರಕಾರದ ನೆರವಿನಿಂದ ಅಲ್ಲಿ ಭಾರತ-ಡೆನ್ಮಾರ್ಕ್ ಯೋಜನೆ ಆರಂಭವಾಯಿತು. ಡೆನ್ಮಾರ್ಕಿನ ಕೆಂಪು ತಳಿ 'ರೆಡ್ ಡೇನ್' ಬಂತು. ವೀರ್ಯವನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಇಡುವ ವ್ಯವಸ್ಥೆ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಕಲಿಸುವ ಕೆಲಸ ಶುರುವಾಯಿತು. ಆ ಯೋಜನೆಯಿಂದ ಬೆಳೆದದ್ದೇ ಈಗ ಕೇಂದ್ರ ಸರಕಾರದ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿ ಸಂಸ್ಥೆ. ದೇಶದ ಬೇರೆ ಬೇರೆ ರಾಜ್ಯಗಳ ಪಶುವೈದ್ಯರು ಅಲ್ಲಿ ತರಬೇತಿ ಪಡೆದು ಹೋಗುತ್ತಾರೆ. ನಮ್ಮ ಕರ್ನಾಟಕ ಹಾಲು ಮಹಾಮಂಡಳದ ನಂದಿನಿ ವೀರ್ಯ ಕೇಂದ್ರವೂ ಅದೇ ಹೆಸರಘಟ್ಟದಲ್ಲಿದೆ.

ಹೆಬ್ಬಾಳದ ಕಾಲೇಜಿನಲ್ಲಿ ಓದುತ್ತಿದ್ದಾಗ ನಾವೂ ಹೆಸರಘಟ್ಟ ನೋಡಲು ಹೋಗಿದ್ದೆವು. ಆನೆಯಂತಹ ಹೋರಿಗಳು, ಸೂಕ್ಷ್ಮದರ್ಶಕದ ಕೆಳಗೆ ಈಜುವ ವೀರ್ಯಾಣುಗಳು, ಮಂಜಿನ ಹಾಗೆ ಹೊಗೆ ಬಿಡುವ ಜಾಡಿಗಳು. ಇದು ಯಾವ ದೇಶದ ನೆರವಿನಿಂದ ಬಂತು ಎಂದು ನಮಗೆ ಆಗ ಕೇಳಬೇಕೆಂದೇ ಅನಿಸಿರಲಿಲ್ಲ. ಅಷ್ಟರಮಟ್ಟಿಗೆ ಅದು ನಮ್ಮದೇ ಆಗಿಹೋಗಿತ್ತು.

ಇದರಲ್ಲಿ ನನಗೆ ಮುಖ್ಯ ಅನಿಸುವ ಸಂಗತಿ ಒಂದಿದೆ. ರೆಡ್ ಡೇನ್ ತಳಿ ನಮ್ಮಲ್ಲಿ ಬೇರು ಬಿಡಲಿಲ್ಲ. ಪೆರಾಬೆ, ಆಲಂಕಾರು, ರಾಮಕುಂಜದ ಹಟ್ಟಿಗಳಲ್ಲಿ ಜೆರ್ಸಿ ಇದೆ, ಎಚ್.ಎಫ್. ಇದೆ, ಅಲ್ಲೊಂದು ಇಲ್ಲೊಂದು ಮಲೆನಾಡು ಗಿಡ್ಡ ಇದೆ. ರೆಡ್ ಡೇನ್ ನಾನಂತೂ ಒಂದನ್ನೂ ಕಂಡಿಲ್ಲ. ಉಡುಗೊರೆಯಾಗಿ ಬಂದ ದನ ಹೋಯಿತು, ಅದರ ಜೊತೆ ಬಂದ ಕೈಚಳಕ ಉಳಿಯಿತು. ಕೊಟ್ಟ ದೇಶಕ್ಕೆ ತನ್ನ ತಳಿ ಇಲ್ಲಿ ಹಬ್ಬಲಿಲ್ಲ ಎಂದು ಬೇಸರವಿರಬಹುದು. ನಮಗಂತೂ ನಷ್ಟವಾಗಿಲ್ಲ.

ತಲೆಗೆ ಒಂದು ಓಟು, ದನಕ್ಕಲ್ಲ

ಡೆನ್ಮಾರ್ಕಿನವರು ಹಾಲಿಗೆ ಬಂದದ್ದೇ ಕಷ್ಟದಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕ, ರಷ್ಯಾಗಳಿಂದ ಹಡಗು ತುಂಬ ಅಗ್ಗದ ಧಾನ್ಯ ಯುರೋಪಿಗೆ ಬಂದು ಸುರಿಯಿತು. ಅಲ್ಲಿನ ರೈತರ ಧಾನ್ಯಕ್ಕೆ ಬೆಲೆಯೇ ಇಲ್ಲದಾಯಿತು. ಹೊರಗಿನ ಅಗ್ಗದ ಮಾಲು ಬಂದರೆ ಸಣ್ಣ ರೈತನಿಗೆ ಏನಾಗುತ್ತದೆ ಎಂಬುದನ್ನು ಅವರು ತಮ್ಮ ಮೈಮೇಲೆ ಅನುಭವಿಸಿದವರು. ಆಗ ಅವರು ದನದ ಕಡೆ ತಿರುಗಿದರು, ಬೆಣ್ಣೆ ಮಾಡಿ ಹೊರಗೆ ಮಾರಲು ಹೊರಟರು. ಒಬ್ಬೊಬ್ಬರೇ ಮಾಡಿದ ಬೆಣ್ಣೆಗೆ ಒಂದೇ ಗುಣಮಟ್ಟ ಇರಲಿಲ್ಲ. 1882ರಲ್ಲಿ ಹೆಡ್ಡಿಂಗ್ ಎಂಬ ಹಳ್ಳಿಯ ರೈತರು ಹಾಲನ್ನು ಒಂದೇ ಕಡೆ ತಂದು ಹಾಕಿ, ಯಂತ್ರದಿಂದ ಕೆನೆ ತೆಗೆದು, ಹಾಕಿದ ಹಾಲಿನ ಲೆಕ್ಕದಲ್ಲಿ ಲಾಭ ಹಂಚಿಕೊಂಡರು. ಆ ದೇಶದ ಮೊದಲ ಸಹಕಾರಿ ಡೈರಿ ಅದು.

ನಿಮ್ಮ ಸಂಘದಲ್ಲಿ ವರ್ಷಕ್ಕೊಮ್ಮೆ ಬೋನಸ್ ಕೊಡುವ ಲೆಕ್ಕವೂ ಇದೇ ಅಲ್ಲವೇ? ಇನ್ನೊಂದು ನಿಯಮವನ್ನೂ ಅವರು ಪಾಲಿಸುತ್ತಿದ್ದರು: ಓಟು ತಲೆಗೆ, ದನಕ್ಕಲ್ಲ. ಇಪ್ಪತ್ತು ದನ ಇದ್ದವನಿಗೂ ಒಂದೇ ಓಟು, ಒಂದು ದನ ಇದ್ದ ವಿಧವೆಗೂ ಒಂದೇ ಓಟು. ಮಹಾಸಭೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತು, ಚಹಾ ಕುಡಿದು ಸಹಿ ಹಾಕಿ ಹೋಗುವ ಅಕ್ಕಂದಿರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಪುಕ್ಕಟೆ ಬಂದ ಹಾಲಿನ ಪುಡಿ

ಈಗ ಆ ಅಕ್ಕನ ಪ್ರಶ್ನೆಗೆ ಬರೋಣ. ಹೊರದೇಶದ ಹಾಲು ಈಗ ಮೊದಲ ಸಲ ಬರಬೇಕಾದದ್ದಲ್ಲ, ಒಮ್ಮೆ ಬಂದಿತ್ತು. ಅದೂ ಪುಕ್ಕಟೆಯಾಗಿ, ಬೆಟ್ಟದಷ್ಟು.

1960ರ ದಶಕದಲ್ಲಿ ಯುರೋಪಿನ ದೇಶಗಳಲ್ಲಿ ಹಾಲಿನ ಪುಡಿ, ಬೆಣ್ಣೆ ಮಾರಲಾಗದೆ ಗೋದಾಮಿನಲ್ಲಿ ರಾಶಿ ಬಿದ್ದಿತ್ತು. ಅದನ್ನು ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಭಾರತಕ್ಕೆ ದಾನವಾಗಿ ಕೊಡುವ ಮಾತಾಯಿತು. 1970ರಲ್ಲಿ ಶುರುವಾದ ಆಪರೇಷನ್ ಫ್ಲಡ್‌ನ ಮೊದಲ ಹಂತಕ್ಕೆ 1,26,000 ಟನ್ ಕೆನೆರಹಿತ ಹಾಲಿನ ಪುಡಿ, 42,000 ಟನ್ ಬೆಣ್ಣೆಯೆಣ್ಣೆ ಗೊತ್ತಾಯಿತು. ಯೋಚಿಸಿ ನೋಡಿ. ಅಷ್ಟು ಪುಡಿಯನ್ನು ನೀರಿಗೆ ಕಲಸಿ ಪೇಟೆಯಲ್ಲಿ ಪುಕ್ಕಟೆ ಹಂಚಿದ್ದರೆ ಹಳ್ಳಿಯ ಹಾಲನ್ನು ಯಾರು ಕೊಳ್ಳುತ್ತಿದ್ದರು? ಹಟ್ಟಿಯ ದನ ಮಾರಿಬಿಡುವುದೇ ಉಳಿಯುತ್ತಿತ್ತು.

ಆಗ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯಲ್ಲಿದ್ದ ಡಾ. ವರ್ಗೀಸ್ ಕುರಿಯನ್ ಮತ್ತು ಅವರ ಸಂಗಡಿಗರು ಹಾಗೆ ಮಾಡಲಿಲ್ಲ. ಬಂದ ಪುಡಿಯನ್ನು ದಿಲ್ಲಿ, ಮುಂಬಯಿ, ಕೊಲ್ಕತ್ತ, ಮದ್ರಾಸಿನ ಡೈರಿಗಳಿಗೆ ಬೆಲೆಗೆ ಮಾರಿದರು. ಬೆಲೆಯನ್ನು ನಮ್ಮ ರೈತರ ಹಾಲಿಗೆ ಪೆಟ್ಟಾಗದಂತೆ ಇಟ್ಟರು. ಬಂದ ಹಣದಲ್ಲಿ ಹಳ್ಳಿಯಲ್ಲಿ ಸಂಘ, ಶೀತಲೀಕರಣ ಕೇಂದ್ರ, ಟ್ಯಾಂಕರ್, ಪಶು ಆಹಾರ ಕಾರ್ಖಾನೆ ಕಟ್ಟಿದರು. ಬಂದ ಹಾಲು ಇಂಗಿಹೋಗುವ ಮೊದಲು ಊರಿನ ಹಾಲು ಅದರ ಜಾಗಕ್ಕೆ ಬರಬೇಕು ಎನ್ನುವುದು ಲೆಕ್ಕ. ಯೋಜನೆ ಅಂದುಕೊಂಡ ವೇಗದಲ್ಲಿ ನಡೆಯಲಿಲ್ಲ, ಟೀಕೆಯೂ ಬಹಳ ಬಂತು. ಆದರೂ ದಾನವನ್ನು ಊಟ ಮಾಡಿ ಮುಗಿಸದೆ ಬೀಜವಾಗಿ ಬಿತ್ತಿದ್ದು ನಿಜ. ಡೆನ್ಮಾರ್ಕ್ 1973ರಲ್ಲಿ ಐರೋಪ್ಯ ಕೂಟ ಸೇರಿದ ಮೇಲೆ ಆ ಕೂಟದ ಕೊಡುಗೆಯಲ್ಲಿ ಅದಕ್ಕೂ ಪಾಲು ಬಂತು.

ನಮ್ಮ ರಾಜ್ಯದಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ 1974ರಲ್ಲಿ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಬಂತು, 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. ನಮ್ಮ ದಕ್ಷಿಣ ಕನ್ನಡ ಒಕ್ಕೂಟ 1986ರದ್ದು. ಇದು ನಿಮಗೆ ಗೊತ್ತಿರುವುದೇ.

ಹೆಂಗಸರಿಗೂ ಕೃಷಿ ಪಾಠ

ಡೆನ್ಮಾರ್ಕಿನ ನೆರವಿನಲ್ಲಿ ಹಿರಿಯ ಅಕ್ಕಂದಿರಿಗೆ ನೆನಪಿರಬಹುದಾದ ಒಂದು ಯೋಜನೆ ಇದೆ. 1980ರ ದಶಕದ ಆರಂಭದಲ್ಲಿ ನಮ್ಮ ರಾಜ್ಯದ ಕೃಷಿ ಇಲಾಖೆಯಲ್ಲಿ ರೈತ ಮಹಿಳೆಯರಿಗೇ ಎಂದು ತರಬೇತಿ ಶುರುವಾಯಿತು. 'ವೈಟೆಪ್' ಎಂದು ಕರೆಯುತ್ತಿದ್ದರು. ಹಣ ಕೊಟ್ಟದ್ದು ಡೆನ್ಮಾರ್ಕಿನ ಅಭಿವೃದ್ಧಿ ಸಂಸ್ಥೆ 'ಡಾನಿಡಾ'. ಅಲ್ಲಿಯವರೆಗೆ ಕೃಷಿ ತರಬೇತಿ ಎಂದರೆ ಗಂಡಸರಿಗೆ. ಗದ್ದೆಯಲ್ಲಿ ನಾಟಿ, ಕಳೆ, ಕೊಯ್ಲು, ಬೀಜ ಕಾಪಿಡುವುದು ಎಲ್ಲ ಹೆಂಗಸರ ಕೈಯಲ್ಲಿ, ಪಾಠ ಮಾತ್ರ ಗಂಡಂದಿರಿಗೆ! ಹೆಂಗಸರಿಗೆ ಹೆಂಗಸರೇ ಹೇಳಿಕೊಡಲಿ ಎಂದು ಇಲಾಖೆಗೆ ಮಹಿಳಾ ಸಿಬ್ಬಂದಿಯನ್ನು ತಂದರು. ಸಣ್ಣ ರೈತ ಮಹಿಳೆಯರು ಕೆಲವು ದಿನ ಮನೆ ಬಿಟ್ಟು ತರಬೇತಿ ಕೇಂದ್ರದಲ್ಲಿ ಉಳಿದು ಕಲಿತು, ಊರಿಗೆ ಬಂದು ಉಳಿದವರಿಗೆ ಹೇಳಬೇಕು. ಬಳಿಕ ಇದೇ ಬಗೆಯ ಯೋಜನೆ ತಮಿಳುನಾಡು, ಒಡಿಶಾ, ಮಧ್ಯಪ್ರದೇಶಕ್ಕೂ ಹೋಯಿತು. ಹಾಲಿನ ಕ್ಷೇತ್ರದಲ್ಲಿ ಮಹಿಳಾ ಸಂಘಗಳು ಬೆಳೆದದ್ದು ಬೇರೆ ದಾರಿಯಿಂದ. 1980ರ ದಶಕದಲ್ಲೇ ಬಂದ ಕೇಂದ್ರ ಸರಕಾರದ 'ಸ್ಟೆಪ್' ಯೋಜನೆ ಅದಕ್ಕೆ ಕೈಹಿಡಿಯಿತು.

ಪಶುವೈದ್ಯರ ಹುದ್ದೆಯಲ್ಲಿ ಹೆಂಗಸನ್ನು ಕಂಡು "ಡಾಕ್ಟ್ರು ಬರ್ಲಿಲ್ವಾ?" ಎಂದು ನನ್ನನ್ನೇ ಕೇಳಿದವರಿದ್ದಾರೆ. ಹಾಗಾಗಿ ಈ ವೈಟೆಪ್ ಕಥೆ ನನಗೆ ಸ್ವಲ್ಪ ಹೆಚ್ಚು ಹಿಡಿಸುತ್ತದೆ.

ನಂಟು ಹಳಸಿದ್ದು, ಮತ್ತೆ ಕೂಡಿದ್ದು

ದೇಶ ದೇಶಗಳ ನಂಟೂ ಬೀಗರ ನಂಟಿನ ಹಾಗೆ. ಒಮ್ಮೆ ಬೆಲ್ಲ, ಒಮ್ಮೆ ಬೇವು. 1995ರ ಡಿಸೆಂಬರಿನಲ್ಲಿ ಪಶ್ಚಿಮ ಬಂಗಾಳದ ಪುರುಲಿಯದಲ್ಲಿ ವಿಮಾನದಿಂದ ಆಯುಧ ಬೀಳಿಸಿದ ಪ್ರಕರಣದಲ್ಲಿ ಡೆನ್ಮಾರ್ಕಿನ ಒಬ್ಬ ಪ್ರಜೆಯ ಹೆಸರು ಬಂತು. 1998ರ ಮೇ ತಿಂಗಳಲ್ಲಿ ಭಾರತ ಪೋಖ್ರಾನಿನಲ್ಲಿ ಅಣು ಪರೀಕ್ಷೆ ಮಾಡಿದಾಗ ಡೆನ್ಮಾರ್ಕ್ ಹೊಸ ನೆರವಿಗೆ ತಡೆ ಹಾಕಿತು. 2003ರಲ್ಲಿ ಭಾರತವೇ, ಸಣ್ಣ ದೇಶಗಳಿಂದ ಇನ್ನು ನೇರ ನೆರವು ಬೇಡ ಎಂದು ಹೇಳಿತು. ಡೆನ್ಮಾರ್ಕ್ ಆ ಪಟ್ಟಿಯಲ್ಲಿತ್ತು. 2011ರಲ್ಲಿ ಪುರುಲಿಯ ಪ್ರಕರಣದ ಆರೋಪಿಯನ್ನು ಒಪ್ಪಿಸಲಾಗದು ಎಂದು ಅಲ್ಲಿನ ಕೋರ್ಟು ಹೇಳಿದ ಮೇಲೆ ಮಾತುಕತೆ ಇನ್ನಷ್ಟು ತಣ್ಣಗಾಯಿತು.

ಇಷ್ಟೆಲ್ಲ ಆದರೂ ಹೆಸರಘಟ್ಟದಲ್ಲಿ ಕಡ್ಡಿ ತುಂಬುವ ಕೆಲಸ ಒಂದು ದಿನವೂ ಡೆನ್ಮಾರ್ಕಿಗಾಗಿ ನಿಲ್ಲಬೇಕಾಗಲಿಲ್ಲ. ವಿದ್ಯೆ ಇಲ್ಲಿನವರ ಕೈಗೆ ಬಂದಾಗಿತ್ತು. ಹಾಲನ್ನೇ ಅವರಿಂದ ತರಿಸಿ ಕುಡಿಯುತ್ತಿದ್ದರೆ, ಅವರು ಮುನಿಸಿಕೊಂಡ ದಿನ ನಮ್ಮ ಮಕ್ಕಳ ಲೋಟ ಖಾಲಿಯಾಗುತ್ತಿತ್ತು.

ಆಮೇಲೆ ನಂಟು ಸರಿಯಾಯಿತು. 2018ರಲ್ಲಿ ಪಶುಸಂಗೋಪನೆ ಮತ್ತು ಹೈನುಗಾರಿಕೆಯಲ್ಲಿ ಸಹಕರಿಸಲು ಎರಡು ದೇಶಗಳೂ ಒಪ್ಪಂದ ಮಾಡಿಕೊಂಡವು. 2020ರ ಸೆಪ್ಟೆಂಬರಿನಲ್ಲಿ ಎರಡೂ ದೇಶಗಳ ಪ್ರಧಾನಿಗಳು 'ಹಸಿರು ಪಾಲುದಾರಿಕೆ' ಘೋಷಿಸಿದರು. ಗಾಳಿಯಿಂದ ವಿದ್ಯುತ್, ಶುದ್ಧ ನೀರು ಅದರ ಮುಖ್ಯ ವಿಷಯ. ಈಗ ಇದು ಕೊಡುವವರು, ತೆಗೆದುಕೊಳ್ಳುವವರು ಎಂಬ ನಂಟಲ್ಲ, ವ್ಯಾಪಾರದ ನಂಟು. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಫ್ರಿಜ್ಜಿನಲ್ಲಿರುವ ಇನ್ಸುಲಿನ್ ಡೆನ್ಮಾರ್ಕ್ ಕಂಪನಿಯದ್ದಾಗಿರಬಹುದು.

ಹಾಗಾದರೆ ಹಾಲು ಬರುತ್ತದೆಯೇ?

ಡೆನ್ಮಾರ್ಕ್ ಐರೋಪ್ಯ ಒಕ್ಕೂಟದ ಒಳಗಿರುವುದರಿಂದ ನಮ್ಮ ಜೊತೆ ಒಂಟಿಯಾಗಿ ವ್ಯಾಪಾರ ಒಪ್ಪಂದ ಮಾಡುವಂತಿಲ್ಲ, ಒಕ್ಕೂಟವೇ ಮಾತಾಡುತ್ತದೆ. ಆ ಮಾತುಕತೆ 2007ರಲ್ಲಿ ಶುರುವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಹಿಡಿದದ್ದು. ಇಂತಹ ಮಾತುಕತೆಗಳಲ್ಲಿ ಹಾಲಿನ ವಿಷಯ ಬಂದಾಗಲೆಲ್ಲ ಭಾರತ ಹಟ ಹಿಡಿದದ್ದನ್ನು ನೀವು ಗಮನಿಸಿ. ನ್ಯೂಜಿಲೆಂಡ್, ಆಸ್ಟ್ರೇಲಿಯಗಳೂ ಇದ್ದ ಆರ್.ಸಿ.ಇ.ಪಿ. ಒಪ್ಪಂದದಿಂದ 2019ರ ನವೆಂಬರ್ 4ರಂದು ಭಾರತ ಹೊರಗೆ ಬಂತು. ಅದಕ್ಕೆ ಹಾಲು ಉತ್ಪಾದಕರ ವಿರೋಧವೂ ಒಂದು ಕಾರಣ. ಆಸ್ಟ್ರೇಲಿಯದ ಜೊತೆ 2022ರಲ್ಲಿ, ಬ್ರಿಟನ್ ಜೊತೆ 2025ರ ಜುಲೈಯಲ್ಲಿ ಸಹಿಯಾದ ಒಪ್ಪಂದಗಳಲ್ಲೂ ಹಾಲನ್ನು ಹೊರಗೇ ಇಟ್ಟಿದ್ದಾರೆ. ಹೊರಗಿನ ಕೆನೆರಹಿತ ಹಾಲಿನ ಪುಡಿಗೆ ಸಾಮಾನ್ಯ ಸುಂಕ ಶೇ. 60.

ಆ ಹಟ ಯಾಕೆ ಬೇಕು ಎಂಬುದಕ್ಕೆ ಡೆನ್ಮಾರ್ಕನ್ನೇ ನೋಡಬೇಕು. 1950ರ ದಶಕದಲ್ಲಿ ಅಲ್ಲಿ ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಹಾಲಿನ ದನ ಇತ್ತು. ಇಂದು ಮೂರು ಸಾವಿರ ಹಟ್ಟಿಗಳೂ ಉಳಿದಿಲ್ಲ. ಒಂದೊಂದರಲ್ಲಿ ಸರಾಸರಿ ಇನ್ನೂರಕ್ಕೂ ಹೆಚ್ಚು ದನ, ಹಾಲು ಕರೆಯುವುದು ಯಂತ್ರ. ಹಾಲು ಕಡಿಮೆಯಾಗಲಿಲ್ಲ, ಹಾಲಿನವರು ಕಡಿಮೆಯಾದರು. ಊರೂರಿನ ಸಹಕಾರಿ ಡೈರಿಗಳು ಒಂದರೊಳಗೊಂದು ಸೇರಿ, 2000ದಲ್ಲಿ ಸ್ವೀಡನ್ನಿನ ಡೈರಿಯೊಂದಿಗೂ ಕೂಡಿ, ಆರ್ಲಾ ಎಂಬ ಒಂದೇ ದೊಡ್ಡ ಸಂಸ್ಥೆಯಾದವು. ಅದು ಇನ್ನೂ ರೈತರ ಸಹಕಾರಿಯೇ. ಆದರೆ ಎರಡು ದನದ ಹೆಂಗಸು ಅದರಲ್ಲಿ ಇಲ್ಲ. ನಮಗೆ ಕಡ್ಡಿ ಕೊಟ್ಟ ದೇಶದಿಂದ ಕಲಿಯುವಾಗ ಇದನ್ನೂ ಕಣ್ಣು ತೆರೆದು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ವಿದ್ಯೆ ಎಲ್ಲಿಂದ ಬಂದರೂ ತೆಗೆದುಕೊಳ್ಳೋಣ. ಹಾಲು ಬೇಡ.

ಆದರೆ ಸುಂಕದ ಗೋಡೆ ಒಂದೇ ನಮ್ಮನ್ನು ಎಷ್ಟು ದಿನ ಕಾಯುತ್ತದೆ? ನಮ್ಮ ಹಾಲಿಗೆ ಬೀಳುವ ಖರ್ಚು ಇಳಿಯಬೇಕು. ಅದರಲ್ಲಿ ಹಿಂಡಿಯ ಬೆಲೆ ನಿಮ್ಮ ಕೈಯಲ್ಲಿಲ್ಲ, ಕಾಡುಹಂದಿ, ಮಂಗ ಹುಲ್ಲು ಹಾಳು ಮಾಡುವುದೂ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರುವುದು ಬೆದೆಯ ಹೊತ್ತು.

ಹೊತ್ತಿನ ಲೆಕ್ಕ

ಆ ಅಕ್ಕನ ದನ ಯಾಕೆ ನಿಲ್ಲಲಿಲ್ಲ ಎಂದು ಕೇಳುತ್ತಾ ಹೋದೆ. ಮೂರು ಸಲವೂ ನಡೆದದ್ದು ಒಂದೇ. ಬೆಳಗ್ಗೆ ಹಾಲು ಕರೆಯುವಾಗ ದನ ಕೂಗುತ್ತಿತ್ತು, ಹಾಲು ಕಡಿಮೆ ಇಳಿಸಿತ್ತು. ಅವರು ಟ್ಯಾಪಿಂಗಿಗೆ ಹೋದರು. ಸಂಜೆ ಬಂದು ನೋಡಿದಾಗ ಲೋಳೆ ಕಂಡಿತು. "ಇನ್ನು ನಾಳೆ ಹೇಳಿದ್ರಾಯ್ತು" ಎಂದುಕೊಂಡರು. ಮರುದಿನ ಫೋನ್ ಮಾಡಿ ಕಾರ್ಯಕರ್ತರು ಬರುವಾಗ ಮಧ್ಯಾಹ್ನ. ಅಷ್ಟರಲ್ಲಿ ಬೆದೆ ಮುಗಿದಿತ್ತು. ಕಡ್ಡಿ ಒಳ್ಳೆಯದೇ, ಕೈಯೂ ಒಳ್ಳೆಯದೇ, ಹೊತ್ತು ಮೀರಿತ್ತು.

ಮಿಶ್ರತಳಿ ದನದ ಬೆದೆ ಸಾಮಾನ್ಯವಾಗಿ 18 ಗಂಟೆಯ ಆಸುಪಾಸು. ಬೆಳಗ್ಗೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಮಾಡಿಸಬೇಕು. ಫೋನ್ ಮಾತ್ರ ಕಂಡ ಕೂಡಲೇ ಮಾಡಿ. ಪುಸ್ತಕದಲ್ಲಿ ಬೆದೆಯ ಗುರುತು ಎಂದರೆ ಇನ್ನೊಂದು ದನ ಮೇಲೆ ಹಾರಿದಾಗ ಸುಮ್ಮನೆ ನಿಲ್ಲುವುದು ಎಂದಿದೆ. ಅದು ಇನ್ನೂರು ದನ ಬಿಟ್ಟುಕೊಂಡ ಡೆನ್ಮಾರ್ಕಿಗೆ ಸರಿ. ಕಟ್ಟಿ ಹಾಕಿದ ಒಂದೇ ದನದ ಮೇಲೆ ಯಾರು ಹಾರಬೇಕು? ನಮ್ಮ ಹಟ್ಟಿಯಲ್ಲಿ ನೋಡಬೇಕಾದದ್ದು ಗಾಜಿನ ನೂಲಿನ ಹಾಗೆ ಇಳಿಯುವ ಲೋಳೆ, ಊದಿದ ಯೋನಿಯ ತುಟಿ, ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಮೂತ್ರ, ಕೂಗು, ತಿನ್ನದೆ ಕಿವಿ ನಿಮಿರಿಸಿ ನಿಲ್ಲುವುದು. ಕೆಲವು ದನ ಕೂಗುವುದೇ ಇಲ್ಲ. ಬೆಳಗ್ಗೆ ಸೆಗಣಿ ತೆಗೆಯುವಾಗ ಮಲಗಿದ ಜಾಗ, ಬಾಲದ ಬುಡ ನೋಡಿದರೆ ಲೋಳೆ ಒಣಗಿ ಅಂಟಿದ್ದು ಸಿಗುತ್ತದೆ. ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಲ್ಲಿಂದ 21ನೆಯ ದಿನಕ್ಕೆ ಮತ್ತೊಂದು ಗುರುತು. 19ರಿಂದ 23ರವರೆಗೆ ಬೆಳಗ್ಗೆ, ಸಂಜೆ ಎರಡು ಹೊತ್ತೂ ನೋಡಿ.

ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು. ದಿನಕ್ಕೆ ಹಿಂಡಿ, ಹುಲ್ಲು ಸೇರಿ 150 ರೂಪಾಯಿ ಎಂದು ಲೆಕ್ಕ ಹಾಕಿದರೂ 3,150 ರೂಪಾಯಿ. ಮೂರು ಬೆದೆಗೆ 9,450. ಆ ಅಕ್ಕನಿಗೆ ಈ ಲೆಕ್ಕ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಕಾರ್ಯಕರ್ತರು ಬಂದಾಗ ನಿಮಗೆ ಕೇಳುವ ಹಕ್ಕಿದೆ. ಕಡ್ಡಿಯ ಮೇಲೆ ತಳಿ, ಹೋರಿಯ ಸಂಖ್ಯೆ, ತುಂಬಿದ ದಿನ, ಕೇಂದ್ರದ ಗುರುತು ಅಚ್ಚಾಗಿರುತ್ತದೆ. ಹೋರಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಹುಟ್ಟಿದ ಹೆಣ್ಣುಕರುವಿಗೆ ಅದೇ ಹೋರಿಯ ಕಡ್ಡಿ ಬಾರದಂತೆ ನೋಡುವುದು ಆ ಚೀಟಿಯಿಂದ ಮಾತ್ರ ಸಾಧ್ಯ. ಕಡ್ಡಿಯನ್ನು ಜಾಡಿಯಿಂದ ತೆಗೆದ ಮೇಲೆ ಸುಮಾರು 37 ಡಿಗ್ರಿ ಬಿಸಿ ಇರುವ ನೀರಿನಲ್ಲಿ ಅರ್ಧ ನಿಮಿಷ ಇಡಬೇಕು. ಅದಕ್ಕೆ ಒಂದು ಲೋಟ ಬೆಚ್ಚಗಿನ ನೀರು ಸಿದ್ಧವಿಟ್ಟರೆ ಅವರಿಗೂ ಸಹಾಯ. ಕೈಗೆ ಹಿತವಾಗುವಷ್ಟು ಬಿಸಿ ಸಾಕು, ಕುದಿಯುವ ನೀರು ತಂದಿಡಬೇಡಿ. ಹಾಗೆ ತಂದಿಟ್ಟವರೂ ಇದ್ದಾರೆ, ಪಾಪ, ಒಳ್ಳೆಯ ಮನಸ್ಸಿನಿಂದ.

ನಮ್ಮ ದೇಶದಲ್ಲಿ ಒಂದು ಸಲದ ಇಂಜೆಕ್ಷನಿಗೆ ಗಬ್ಬ ನಿಲ್ಲುವುದು ಸರಾಸರಿ ನೂರಕ್ಕೆ ಮೂವತ್ತೈದರ ಆಸುಪಾಸು. ತೊಂಬತ್ತು ವರ್ಷದ ಹಿಂದೆ ಸಾಮ್ಸೋ ದ್ವೀಪದವರು ಹೆಪ್ಪುಗಟ್ಟಿಸದ ತಾಜಾ ವೀರ್ಯದಿಂದ 59 ಮಾಡಿದ್ದರು. ಅವರದು ತಾಜಾ, ನಮ್ಮದು ಹೆಪ್ಪುಗಟ್ಟಿಸಿದ್ದು. ಆದ್ದರಿಂದ ಎರಡನ್ನೂ ನೇರ ಹೋಲಿಸುವುದು ಸರಿಯಲ್ಲ. ಆದರೂ ಮೂವತ್ತೈದನ್ನು ಐವತ್ತರ ಹತ್ತಿರ ತರಲಾಗದು ಎಂದು ನನಗೆ ಅನಿಸುವುದಿಲ್ಲ.

ಪೆರಾಬೆಯ ಆ ದನಕ್ಕೆ ನಾಲ್ಕನೆಯ ಸಲ ಹೊತ್ತು ನೋಡಿ ಮಾಡಿದ್ದೇವೆ. 21ನೆಯ ದಿನ ಬೆದೆಗೆ ಬರಲಿಲ್ಲ ಎಂದು ಅಕ್ಕ ಫೋನ್ ಮಾಡಿದರು. ಅಷ್ಟಕ್ಕೇ ಗಬ್ಬ ಎಂದು ಹೇಳಲಾಗದು. ಎರಡೂವರೆ ತಿಂಗಳು ಆದ ಮೇಲೆ ಕೈ ಹಾಕಿ ಪರೀಕ್ಷೆ ಮಾಡಲು ನಾನೇ ಬರುತ್ತೇನೆ ಎಂದಿದ್ದೇನೆ. ಅಂದು ಹಾಲು ಸೊಸೈಟಿಗೆ ಹಾಕಿ ಬಂದ ಮೇಲೆ ಮನೆಯಲ್ಲೇ ಇರುತ್ತಾರಂತೆ, ಟ್ಯಾಪಿಂಗಿಗೆ ರಜೆ.